ಕರಧೃತ ಕ್ರೀಡಾಗಣಕದ ಪರಿಶೀಲನೆ ಪ್ರಗತಿಯಲ್ಲಿದೆ

ಯಾವ ವಸ್ತು ತನ್ನ ಬೆಲೆಗೆ ತಕ್ಕದ್ದು, ಯಾವುದು ಅಲ್ಲ ಎಂದು ಹೇಳುವ ಅಧಿಕಾರ ಬೆಲೆಯೋಗ್ಯತಾ ನಿರ್ಣಯ ಕಚೇರಿಯೊಂದಕ್ಕೇ ಇದೆ. ಬೇರೆ ಯಾರಾದರೂ ಹೇಳಿದರೆ ಅದು ಅಭಿಪ್ರಾಯವಾಗುತ್ತದೆ. ಕಚೇರಿ ಹೇಳಿದರೆ ನಿರ್ಣಯವಾಗುತ್ತದೆ. ಯಾರು ಬೇಕಾದರೂ ಒಂದು ಹಾಳೆಯಲ್ಲಿ ಅರ್ಜಿ ಬರೆದು ಕಿಟಕಿಯಲ್ಲಿ ಕೊಡಬಹುದು. ಕಚೇರಿ ಆ ವಸ್ತುವನ್ನು ಸರಕಾರದ ಖರ್ಚಿನಲ್ಲಿ ತರಿಸಿ, ಬಳಸಿ ನೋಡಿ, ತಕ್ಕದ್ದು ಅಥವಾ ತಕ್ಕದ್ದಲ್ಲ ಎಂದು ಕಾಗದದ ಮೂಲಕ ತಿಳಿಸುತ್ತದೆ. ಬಳಸದೆ ನಿರ್ಣಯಿಸುವಂತಿಲ್ಲ ಎಂಬುದು ನಾಲ್ಕನೆಯ ನಿಯಮ. ಅರ್ಧ ಬಳಸಿ ನಿರ್ಣಯಿಸುವಂತಿಲ್ಲ ಎಂಬುದು ಐದನೆಯ ನಿಯಮ.

ಈ ಎರಡು ನಿಯಮಗಳನ್ನು ಕಚೇರಿ ಎಂದೂ ಮೀರಿದ್ದಿಲ್ಲ. ಒಂದು ಕೊಡೆಯನ್ನು ಮೂರು ಮಳೆಗಾಲ ಹಿಡಿದು ನೋಡಿ ತಕ್ಕದ್ದಲ್ಲ ಎಂದು ತಿಳಿಸಲಾಯಿತು. ಅಷ್ಟರಲ್ಲಿ ಅರ್ಜಿದಾರರು ನೆನೆಯುವುದಕ್ಕೆ ಒಗ್ಗಿಕೊಂಡಿದ್ದರು. ಹತ್ತಿಯ ಹಾಸಿಗೆಯೊಂದರ ಪರಿಶೀಲನೆಯನ್ನು ಹಿಂದಿನ ಮುಖ್ಯ ನಿರ್ಣಯಾಧಿಕಾರಿಗಳು ಖುದ್ದಾಗಿ ಕೈಗೊಂಡು, ಹನ್ನೊಂದು ತಿಂಗಳ ನಂತರ ಎದ್ದು, ತಕ್ಕದ್ದು ಎಂದು ಸಹಿ ಮಾಡಿ ನಿವೃತ್ತರಾದರು. ಶವಪೆಟ್ಟಿಗೆಯ ಅರ್ಜಿಯೊಂದು ಮಾತ್ರ ಹದಿನಾಲ್ಕು ವರ್ಷದಿಂದ ಬಾಕಿ ಇದೆ. ಐದನೆಯ ನಿಯಮದಂತೆ ಅದನ್ನು ಪೂರ್ತಿ ಬಳಸಲು ಒಪ್ಪುವ ಅಧಿಕಾರಿ ಇನ್ನೂ ಸಿಕ್ಕಿಲ್ಲ.

ಕಿಟಕಿಯಲ್ಲಿ ಕೂತು ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆಯನ್ನು ಕಚೇರಿಯವರೆಲ್ಲ ಟಪಾಲಮ್ಮ ಎಂದು ಕರೆಯುತ್ತಿದ್ದರು. ಅವಳ ಮೇಜಿನ ಮೇಲೆ ಒಂದು ಸೀಲು, ಒಂದು ಶಾಯಿಪ್ಯಾಡು, ಒಂದು ಒದ್ದೆ ಸ್ಪಂಜು, ಒಂದು ರಿಜಿಸ್ಟರ್. ಒಂದೊಂದಕ್ಕೂ ಅದರದರ ಜಾಗವಿತ್ತು. ಒಂಬತ್ತು ವರ್ಷದಲ್ಲಿ ಅವಳು ಒತ್ತಿದ ಸೀಲು ಒಮ್ಮೆಯೂ ಓರೆಯಾಗಿರಲಿಲ್ಲ.

ಅವಳ ಗಂಡ ಬಸ್ಸಿನಲ್ಲಿ ಹನ್ನೊಂದು ಗಂಟೆ ದೂರದ, ಜಲಾಶಯವಿರುವ ಊರೊಂದರಲ್ಲಿ ನೀರು ಸರಬರಾಜಿನ ಪಂಪ್ ಆಪರೇಟರ್. ಅವನಿಗೆ ವರ್ಗಾವಣೆ ಸಿಗುವಂತಿರಲಿಲ್ಲ, ಏಕೆಂದರೆ ಪಂಪು ಅಲ್ಲೇ ಇತ್ತು. ಮದುವೆಯಾಗಿ ಏಳು ವರ್ಷ. ಅದರಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಇನ್ನೂರ ಹದಿಮೂರು ದಿನ. ಉಳಿದ ದಿನಗಳಲ್ಲಿ ಸಂಜೆ ಆರೂವರೆಗೆ ಅವನು ಫೋನ್ ಮಾಡುತ್ತಿದ್ದ. ಅವನ ಹಿಂದೆ ಪಂಪು ಗುಂಯ್‌ಗುಡುತ್ತಿತ್ತು. ಊಟ ಏನು, ಬೆನ್ನುನೋವು ಹೇಗಿದೆ, ಮನೆ ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುತ್ತಿದ್ದ. ಮೂರನೆಯದು ಅವನ ಕಸುಬಿನ ಕಾಳಜಿ.

ಅವನ ಊರಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಟಪಾಲು ಗುಮಾಸ್ತರ ಹುದ್ದೆಯೊಂದು ಖಾಲಿ ಇತ್ತು. ಅದಕ್ಕೆ ವರ್ಗಾವಣೆ ಕೇಳಲು ಅಡ್ಡವಾಗಿದ್ದದ್ದು ಮೂವತ್ತೊಂದನೆಯ ನಿಯಮ: ತಾನು ಸ್ವೀಕರಿಸಿದ ಅರ್ಜಿಗಳೆಲ್ಲ ಇತ್ಯರ್ಥವಾಗುವವರೆಗೆ ಟಪಾಲು ಗುಮಾಸ್ತರು ಸ್ಥಳ ಬಿಡುವಂತಿಲ್ಲ. ಶವಪೆಟ್ಟಿಗೆಯನ್ನು ಸ್ವೀಕರಿಸಿದ್ದು ಅವಳ ಹಿಂದಿನವರು, ಅದೊಂದು ಪುಣ್ಯ. ಉಳಿದ ಫೈಲುಗಳನ್ನು ಅವಳು ಎರಡು ವರ್ಷ ಬೆನ್ನುಬಿದ್ದು, ಕಾಡಿ, ಬೇಡಿ ಸಹಿ ಮಾಡಿಸಿದಳು. ಒಂದು ಶುಕ್ರವಾರ ಸಂಜೆ ಅವಳ ರಿಜಿಸ್ಟರಿನಲ್ಲಿ ಬಾಕಿ ಎಂಬ ಕಲಮಿನ ಕೆಳಗೆ ಸೊನ್ನೆ ಬಿತ್ತು. ವರ್ಗಾವಣೆ ಅರ್ಜಿ ಡ್ರಾಯರಿನಲ್ಲಿ ತಯಾರಿತ್ತು. ಕಿಟಕಿ ಮುಚ್ಚಲು ಮೂರು ನಿಮಿಷವಿತ್ತು.

ಆಗ ಗಡಿಯಾರ ರಿಪೇರಿಯವರು ಬಂದರು. ಬಸ್ ನಿಲ್ದಾಣದ ಪಕ್ಕ ಅವರದೊಂದು ಗೂಡಂಗಡಿ. ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಹಣೆಯ ಮೇಲೇ ಉಳಿದಿತ್ತು. ಕಿಟಕಿಯೊಳಗೆ ಕಾಗದ ತೂರಿಸಲು ಹೋದವರು ಗೋಡೆ ಗಡಿಯಾರ ನೋಡಿ ಕೈ ಹಿಂದೆ ತೆಗೆದುಕೊಂಡರು.

“ಅಮ್ಮಾ, ಈಗ ಐದು ಗಂಟೆ ಒಂದು ನಿಮಿಷ. ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ. ಟೈಮಾಯ್ತು ಅಂದ್ರೆ ಸೋಮವಾರ ಬರ್ತೀನಿ, ನಂಗೇನೂ ಅವಸರ ಇಲ್ಲ.”

ಇನ್ನೊಬ್ಬರಾಗಿದ್ದರೆ ಸೋಮವಾರ ಬನ್ನಿ ಎಂದು ಕಿಟಕಿ ಎಳೆಯುತ್ತಿದ್ದರು. ಆದರೆ ಕಚೇರಿಯ ಗೋಡೆ ಗಡಿಯಾರ ತೋರಿಸುವುದೇ ಸಮಯ ಎಂಬುದು ಎಂಟನೆಯ ನಿಯಮ, ಟಪಾಲಮ್ಮ ಅದನ್ನು ಬಲ್ಲವಳು. ಗೋಡೆಯ ಮೇಲೆ ನಾಲ್ಕು ಐವತ್ತೇಳು. ಅವಳು ಕೈಚಾಚಿ ಕಾಗದ ತೆಗೆದುಕೊಂಡಳು. ಸೀಲು ನೇರವಾಗಿ ಬಿತ್ತು.

ಅರ್ಜಿ ನಾಲ್ಕೇ ಸಾಲಿನದು. ಮಗಳು ಒಂದು ವಸ್ತು ಕೇಳುತ್ತಿದ್ದಾಳೆ. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್ ಅಂತೆ. ಬೆಲೆ ಒಂದು ಸ್ಕೂಟರಿನ ಮುಕ್ಕಾಲು ಪಾಲು. ಬೆಲೆಗೆ ತಕ್ಕದ್ದು ಹೌದೋ ಅಲ್ಲವೋ ತಿಳಿಸಿದರೆ ಸಾಕು.

ಆಟದ ಸಾಮಾನು ತಾನೇ, ಒಂದು ವಾರದ ಕೆಲಸ ಎಂದು ಅವಳು ಆ ಸಂಜೆ ಗಂಡನಿಗೆ ಹೇಳಿದಳು. ಅವನು ಮನೆಗೆ ಸುಣ್ಣ ಹೊಡೆಸಲು ಆಳಿಗೆ ಹೇಳಿದ.

ಮೊದಲ ವಾರ ವಸ್ತುವಿಗೆ ಹೆಸರಿಡುವುದರಲ್ಲಿ ಕಳೆಯಿತು. ಹೆಸರಿಲ್ಲದ ವಸ್ತುವನ್ನು ದಾಸ್ತಾನಿಗೆ ಸೇರಿಸುವಂತಿಲ್ಲ. ಅಧಿಕಾರಿಗಳು ಕೂತು ಚರ್ಚಿಸಿ ‘ಕರಧೃತ ಕ್ರೀಡಾಗಣಕ ಯಂತ್ರ’ ಎಂದು ತೀರ್ಮಾನಿಸಿದರು. ಆಮೇಲೆ ಎಲ್ಲರೂ ಅದನ್ನು ಡಬ್ಬಿ ಎಂದು ಕರೆದರು. ನಿಯಮದಂತೆ ಮೂರು ಡಬ್ಬಿ ಬಂದವು. ಒಂದು ಬಳಸಲು, ಇನ್ನೊಂದು ಬಳಸಿದ್ದರೊಡನೆ ಹೋಲಿಸಲು, ಮೂರನೆಯದು ಮೊಹರು ಮಾಡಿ ಇಡಲು. ಮೊಹರು ಸರಿಯಾಗಿದೆಯೇ ಎಂದು ನೋಡಲು ಮೂರನೆಯದನ್ನೂ ಅದೇ ಮಧ್ಯಾಹ್ನ ಒಡೆಯಲಾಯಿತು.

ಮುಖ್ಯ ನಿರ್ಣಯಾಧಿಕಾರಿಗಳು, ಅಂದರೆ ಸಾಹೇಬರು, ಇಂಥದನ್ನು ಕೈಯಲ್ಲಿ ಹಿಡಿದವರಲ್ಲ. ಐವತ್ತಾರು ವರ್ಷದ ಗಂಭೀರ ಮನುಷ್ಯರು. ನಗುವುದಿದ್ದರೂ ಫೈಲಿನ ಮರೆಯಲ್ಲಿ ನಗುವವರು. ಮೊದಲ ದಿನ ಡಬ್ಬಿಯನ್ನು ಕರವಸ್ತ್ರದಲ್ಲಿ ಹಿಡಿದರು. ಅದರಲ್ಲಿದ್ದ ಆಟದಲ್ಲಿ ಒಬ್ಬ ಸೈನಿಕ ಏಳು ಕೋಟೆ ದಾಟಿ, ಕೊನೆಯ ಸೇತುವೆಯ ಆಚೆಗಿನ ಗಂಟೆ ಬಾರಿಸಬೇಕು. ಗಂಟೆ ಬಾರಿಸಿದರೆ ಆಟ ಮುಗಿಯಿತು, ವಸ್ತು ಪೂರ್ತಿ ಬಳಕೆಯಾಯಿತು, ನಿರ್ಣಯ ಕೊಡಬಹುದು. ಟಪಾಲಮ್ಮ ಕ್ಯಾಲೆಂಡರಿನಲ್ಲಿ ಒಂದು ಕೋಟೆಗೆ ಒಂದು ದಿನ ಎಂದು ಗುರುತು ಹಾಕಿದಳು. ಸೈನಿಕ ಮೊದಲ ಕೋಟೆಯ ಬಾಗಿಲಲ್ಲೇ ಇಪ್ಪತ್ತಾರು ಸಲ ಸತ್ತ.

ವಸ್ತುವಿನ ಉದ್ದೇಶ ಸಂತೋಷ ಎಂದು ಡಬ್ಬಿಯ ಮೇಲೇ ಅಚ್ಚಾಗಿತ್ತು. ಆದ್ದರಿಂದ ಸಂತೋಷವಾಗುತ್ತಿದೆಯೇ ಇಲ್ಲವೇ ಎಂದು ದಾಖಲಿಸುವುದು ಕಡ್ಡಾಯ. ಈ ಜವಾಬ್ದಾರಿ ಸೂಪರಿಂಟೆಂಡೆಂಟರದು. ಎಲ್ಲದಕ್ಕೂ ಅಡಿಗೆರೆ ಎಳೆಯುವ ಅಭ್ಯಾಸದಿಂದ ಅವರಿಗೆ ಕೆಂಪುಪೆನ್ಸಿಲ್ ಎಂಬ ಹೆಸರು ಬಿದ್ದಿತ್ತು. ಸಾಹೇಬರ ಎದುರು ಕುರ್ಚಿ ಹಾಕಿಕೊಂಡು, ಕಾಲುಗಂಟೆಗೊಮ್ಮೆ ಮುಖ ನೋಡಿ ಬರೆದುಕೊಳ್ಳುತ್ತಿದ್ದರು. ಹನ್ನೊಂದು ಕಾಲು, ಮುಗುಳ್ನಗೆ, ಸಾಧಾರಣ. ಹನ್ನೊಂದೂವರೆ, ಇಲ್ಲ. ಹನ್ನೊಂದು ಮುಕ್ಕಾಲು, ತುಟಿ ಅಲುಗಿತು, ಸಂತೋಷವೋ ತಿಂಡಿಯ ಚೂರೋ ಖಚಿತವಿಲ್ಲ.

ನಲವತ್ತನೆಯ ದಿನ ಟಪಾಲಮ್ಮ ಎರಡು ಕಾಗದ ಟೈಪು ಮಾಡಿಕೊಂಡು ಸಾಹೇಬರ ಕೋಣೆಗೆ ಹೋದಳು. ಒಂದರಲ್ಲಿ ತಕ್ಕದ್ದು ಎಂದಿತ್ತು, ಇನ್ನೊಂದರಲ್ಲಿ ತಕ್ಕದ್ದಲ್ಲ ಎಂದಿತ್ತು. ಯಾವುದಕ್ಕೆ ಸಹಿ ಹಾಕಿದರೂ ಅವಳಿಗೆ ಸರಿ. ಸಾಹೇಬರು ಎರಡನ್ನೂ ಓದಿ, ಎರಡನ್ನೂ ಮೆಚ್ಚಿ, ಎರಡನ್ನೂ ಹಿಂದಕ್ಕೆ ಕೊಟ್ಟರು.

“ನೋಡಮ್ಮಾ, ತಕ್ಕದ್ದಲ್ಲ ಅಂತ ಸಹಿ ಮಾಡಿದ್ರೆ ಮೂರು ಡಬ್ಬಿ ತಗೊಂಡು ದುಡ್ಡು ಹಾಳು ಮಾಡಿದ್ರಿ ಅಂತಾರೆ. ತಕ್ಕದ್ದು ಅಂತ ಮಾಡಿದ್ರೆ, ಅಷ್ಟು ಒಳ್ಳೇ ವಸ್ತುನ ಬಳಸೋದು ಯಾಕೆ ನಿಲ್ಲಿಸಿದ್ರಿ ಅಂತಾರೆ.”

“ಹಾಗಾದ್ರೆ ಏನು ಮಾಡೋದು ಸರ್?”

“ಬಳಸ್ತಾ ಇರೋದು.”

ಅವರು ವಿವರಿಸಿದ್ದು ಹೀಗೆ. ಒಂದು ಗಂಟೆ ಮಾತ್ರ ಆಡಿ ಬಿಟ್ಟರೆ ಆ ಒಂದು ಗಂಟೆಗೆ ಮುಕ್ಕಾಲು ಸ್ಕೂಟರು ಖರ್ಚಾದಂತೆ. ಸಾವಿರ ಗಂಟೆ ಆಡಿದರೆ ಗಂಟೆಗೆ ಸ್ಕೂಟರಿನ ಒಂದು ತಿರುಪೂ ಬೀಳುವುದಿಲ್ಲ. ಆಡಿದಷ್ಟೂ ಅಗ್ಗ. ಸುಮ್ಮನಿದ್ದರೆ ನಷ್ಟ. ಇದನ್ನು ಅವರು ಮಾರನೆಯ ದಿನ ಸುತ್ತೋಲೆಯಾಗಿಯೂ ಹೊರಡಿಸಿದರು:

‘ಪರಿಶೀಲನೆಯಲ್ಲಿರುವ ಯಂತ್ರಗಳು ನಿಷ್ಕ್ರಿಯವಾಗಿರುವ ಪ್ರತಿ ಗಂಟೆಯೂ ಸಾರ್ವಜನಿಕ ಹಣದ ಅಪವ್ಯಯವೆಂದು ಪರಿಗಣಿಸಲಾಗುವುದು. ಆದಕಾರಣ ಸಿಬ್ಬಂದಿ ವರ್ಗದವರು ತಮ್ಮ ಮಾಮೂಲು ಕೆಲಸಗಳಿಗೆ ಅಡ್ಡಿಯಾಗದಂತೆ, ಅಡ್ಡಿಯಾದಲ್ಲಿ ಮಾಮೂಲು ಕೆಲಸಗಳನ್ನು ಬದಿಗಿಟ್ಟು, ಸರದಿಯಂತೆ ಯಂತ್ರಗಳನ್ನು ಬಳಸತಕ್ಕದ್ದು. ಸಂತೋಷಪಡದ ಸಿಬ್ಬಂದಿಯಿಂದ ವಿವರಣೆ ಕೇಳಲಾಗುವುದು.’

ಅಂದಿನಿಂದ ಕಚೇರಿಯಲ್ಲಿ ಶಿಸ್ತು ಬಂತು. ಹತ್ತೂವರೆಗೆ ಬರುತ್ತಿದ್ದವರು ಒಂಬತ್ತೂವರೆಗೇ ಬರತೊಡಗಿದರು. ಡಬ್ಬಿಯ ಬ್ಯಾಟರಿ ಎರಡೇ ಗಂಟೆಯಲ್ಲಿ ಸೋಲುತ್ತಿತ್ತು. ಆದ್ದರಿಂದ ಎಲ್ಲರೂ ಗೋಡೆಯ ಪ್ಲಗ್ಗಿಗೆ ಬೆನ್ನು ತಾಗಿಸಿ ಕೂರತೊಡಗಿದರು. ನೀರು ಶುದ್ಧಮಾಡುವ ಯಂತ್ರದ ಪ್ಲಗ್ಗು ಕಿತ್ತದ್ದರಿಂದ ಕುಡಿಯುವ ನೀರನ್ನು ಮನೆಯಿಂದ ತರಬೇಕಾಯಿತು. ಡಬ್ಬಿಯ ಭಾರಕ್ಕೆ ಲೆಕ್ಕಪತ್ರದವರ ಮಣಿಕಟ್ಟು ಊದಿಕೊಂಡಿತು, ಕರ್ತವ್ಯದ ವೇಳೆ ಆದ ಗಾಯವೆಂದು ಎಂಟು ದಿನದ ರಜೆ ಮಂಜೂರಾಯಿತು. ಅವರು ರಜೆಯಲ್ಲಿಯೂ ಬಂದು ಎಡಗೈಯಲ್ಲಿ ಬಳಸಿದರು. ಸಾಹೇಬರು ಅವರನ್ನು ಸಭೆಯಲ್ಲಿ ಹೆಸರು ಹಿಡಿದು ಹೊಗಳಿದರು.

ಕಿಟಕಿಯ ಆಚೆ ನಿಂತವರೂ ತಕರಾರು ಮಾಡಲಿಲ್ಲ. ಒಳಗೆ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುವುದನ್ನು ಅವರು ಮೊದಲ ಸಲ ನೋಡುತ್ತಿದ್ದರು.

ಟಪಾಲಮ್ಮ ಮಾತ್ರ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ದಿನಾ ಮೂರು ಗಂಟೆಗೆ ಸಾಹೇಬರ ಬಾಗಿಲಲ್ಲಿ ನಿಂತು ಸೈನಿಕ ಎಲ್ಲಿದ್ದಾನೆ ಎಂದು ಕೇಳಿ ಬರುತ್ತಿದ್ದಳು. ಮೂರನೆಯ ಕೋಟೆ. ನಾಲ್ಕನೆಯದು. ಸಂಜೆ ಆರೂವರೆಗೆ ಅದನ್ನು ಗಂಡನಿಗೆ ಒಪ್ಪಿಸುತ್ತಿದ್ದಳು. ಬೆನ್ನುನೋವು, ನಲ್ಲಿ ನೀರು ಎರಡೂ ಹಿಂದೆ ಬಿದ್ದವು. ಐದನೆಯ ಕೋಟೆಯಲ್ಲಿ ಕಂದಕವಿದೆಯಂತೆ, ಈಜಲು ಬರುವುದಿಲ್ಲವಂತೆ ಎಂದು ಅವಳು ಹೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, ನೀರು ಹೊರಹಾಕಲು ಒಂದು ತೂಬು ಇದ್ದೇ ಇರುತ್ತದೆ, ಹುಡುಕಲು ಹೇಳು ಎಂದ. ತೂಬು ಇತ್ತು. ಸಾಹೇಬರು ಅವಳ ಕಡೆ ಹೊಸ ಕಣ್ಣಿನಿಂದ ನೋಡಿದರು.

ಎಂಟನೆಯ ತಿಂಗಳು ಸೈನಿಕ ಏಳನೆಯ ಕೋಟೆಯ ಒಳಗಿದ್ದ. ಆ ಸೋಮವಾರ ಡಬ್ಬಿಯ ಹೊಸ ಮಾದರಿ ಮಾರುಕಟ್ಟೆಗೆ ಬಂತು. ಸ್ಕ್ರೀನು ಒಂದು ಬೆರಳಿನಷ್ಟು ಅಗಲ, ಬೆಲೆ ಪೂರ್ತಿ ಸ್ಕೂಟರಿನದು. ಕೆಂಪುಪೆನ್ಸಿಲರು ಅರ್ಜಿಯನ್ನು ತರಿಸಿ ಓದಿ, ಮಗಳು ‘ಕೇಳುತ್ತಿದ್ದಾಳೆ’ ಎಂಬುದರ ಕೆಳಗೆ ಗೆರೆ ಎಳೆದರು. ಕೇಳುತ್ತಿದ್ದಾಳೆ ಎಂದರೆ ಈಗಲೂ ಕೇಳುತ್ತಿದ್ದಾಳೆ. ಈಗ ಅಂಗಡಿಯಲ್ಲಿ ಸಿಗುವುದು ಹೊಸದು. ಹಳೆಯದರ ಮೇಲೆ ಕೊಟ್ಟ ನಿರ್ಣಯ ಯಾರಿಗೂ ಉಪಯೋಗವಿಲ್ಲ. ಹೊಸ ಮೂರು ಡಬ್ಬಿ ಬಂದವು. ಸೈನಿಕ ಮೊದಲ ಕೋಟೆಯ ಬಾಗಿಲಿಗೆ ವಾಪಸಾದ.

ಆ ಸಂಜೆ ಫೋನಿನಲ್ಲಿ ಅವಳು ವಿಷಯವನ್ನು ತಿಳಿಸಿದಳು. ಸುಣ್ಣ ಹೊಡೆಸಿದ್ದು ಮಾಸುತ್ತಾ ಬಂತು ಎಂದು ಅವನು ಹೇಳಿದ. ಇಬ್ಬರೂ ಪಂಪಿನ ಸದ್ದು ಕೇಳಿಸಿಕೊಂಡು ಫೋನ್ ಇಟ್ಟರು.

ಗಡಿಯಾರ ರಿಪೇರಿಯವರು ಈಗ ವಾರಕ್ಕೆ ಎರಡು ಸಲ ಕಚೇರಿಗೆ ಬರುತ್ತಿದ್ದರು, ಆದರೆ ಅರ್ಜಿದಾರರಾಗಿ ಅಲ್ಲ. ಹೆಬ್ಬೆರಳಿನಲ್ಲಿ ತಿರುಗಿಸುವ ಡಬ್ಬಿಯ ಗುಂಡಿಗಳು ಸವೆದು ಸಡಿಲವಾಗುತ್ತಿದ್ದವು. ಗಡಿಯಾರದ ಚಿಮಟ ಬಿಟ್ಟರೆ ಬೇರೆ ಉಪಕರಣ ಅದಕ್ಕೆ ಒಗ್ಗುತ್ತಿರಲಿಲ್ಲ. ಆರು ಡಬ್ಬಿಗಳ ರಿಪೇರಿ ಗುತ್ತಿಗೆ ಅವರಿಗೇ ಸಿಕ್ಕಿತ್ತು. ಒಂದು ದಿನ ಗುಂಡಿ ಬಿಗಿ ಮಾಡುತ್ತಾ, ತಮ್ಮ ಅರ್ಜಿಯಿಂದ ಟಪಾಲಮ್ಮನ ವರ್ಗಾವಣೆ ನಿಂತಿರುವುದನ್ನು ಲೆಕ್ಕಪತ್ರದವರ ಬಾಯಲ್ಲಿ ಕೇಳಿದರು. ಚಿಮಟ ಕೆಳಗಿಟ್ಟು ನೇರ ಕಿಟಕಿಗೆ ಬಂದರು.

“ಅವತ್ತು ನಾನೇ ಹೇಳಿದ್ನಲ್ಲಮ್ಮಾ, ಟೈಮಾಯ್ತು ಅಂತ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು.”

“ಗಡಿಯಾರದಲ್ಲಿ ಐವತ್ತೇಳು ಇತ್ತಲ್ಲ ಯಜಮಾನ್ರೇ.”

ಮಗಳು ಡಬ್ಬಿಯನ್ನು ಮರೆತು ಆರು ತಿಂಗಳಾಯಿತು, ಈಗ ಈಜು ಕಲಿಯುತ್ತಿದ್ದಾಳೆ, ಅರ್ಜಿ ವಾಪಸು ಪಡೆಯುತ್ತೇನೆ ಎಂದು ಅವರು ಅಲ್ಲೇ ನಿಂತು ಬರೆದುಕೊಟ್ಟರು. ಇಬ್ಬರೂ ಸೇರಿ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಆಟವನ್ನು ಒಂದು ಕ್ಷಣ ನಿಲ್ಲಿಸಿ, ಕಾಗದ ಓದಿ, ಬಹಳ ಮೃದುವಾಗಿ ಹೇಳಿದರು.

“ಖರ್ಚು ಶುರುವಾಗೋ ತನಕ ಪ್ರಶ್ನೆ ನಿಮ್ಮದು ಯಜಮಾನ್ರೇ. ಆಮೇಲೆ ಅದು ಕಚೇರಿದು. ಈಗ ನಿಮ್ಮ ಮಗಳಿಗೆ ಬೇಡ ಆದ್ರೂ ನಮಗೆ ಉತ್ತರ ಬೇಕು.”

ಅಷ್ಟು ಡಬ್ಬಿ ಬಿಚ್ಚಿದವನು ನಾನು, ನಾನೇ ಉತ್ತರ ಹೇಳುತ್ತೇನೆ, ರಿಪೇರಿಯಿಂದ ಬಂದ ಹಣದಲ್ಲಿ ಅಂಗಡಿಗೆ ಹೊಸ ತಗಡು ಹಾಕಿಸಿದೆ, ನನ್ನ ಮಟ್ಟಿಗೆ ಇದು ಬೆಲೆಗೆ ತಕ್ಕದ್ದೇ ಎಂದು ಅವರು ಹೇಳಿದರು. ಅದು ಅಭಿಪ್ರಾಯವಾದ್ದರಿಂದ ಕೆಂಪುಪೆನ್ಸಿಲರು ಅದನ್ನು ದಾಖಲಿಸಲಿಲ್ಲ.

ಡಬ್ಬಿಯ ಜೊತೆ ಇನ್ನೂರ ಹನ್ನೆರಡು ಪುಟದ ಒಂದು ಕೈಪಿಡಿ ಬಂದಿತ್ತು. ಕಚೇರಿಯಲ್ಲಿ ಅದನ್ನು ಯಾರೂ ಬಿಚ್ಚಿರಲಿಲ್ಲ. ಕಿಟಕಿಗೆ ಜನ ಬರುವುದು ಕಡಿಮೆಯಾಗಿತ್ತು. ಟಪಾಲಮ್ಮ ಮೊದಲ ಪುಟದಿಂದ ಓದತೊಡಗಿದಳು. ಒದ್ದೆ ಕೈಯಲ್ಲಿ ಮುಟ್ಟಬಾರದು ಎಂಬಲ್ಲಿಂದ ಹಿಡಿದು, ನುಂಗಬಾರದು ಎಂಬವರೆಗೆ ಒಂದಕ್ಷರ ಬಿಡದೆ ಓದಿದಳು. ಎಂಬತ್ತೆಂಟನೆಯ ಪುಟಕ್ಕೆ ಬಂದಾಗ ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಆ ಪುಟವನ್ನು ಇನ್ನೊಮ್ಮೆ ಓದಿದಳು.

ಅಷ್ಟು ಹೊತ್ತಿಗೆ ಸಾಹೇಬರಿಗೂ ಒಂದು ಸಂಕಟ ಒದಗಿತ್ತು. ಹೊಸ ಡಬ್ಬಿಯ ಸೈನಿಕ ಹಳೆಯ ಅನುಭವದಿಂದ ಏಳೂ ಕೋಟೆಗಳನ್ನು ಎರಡೇ ತಿಂಗಳಲ್ಲಿ ದಾಟಿ ಕೊನೆಯ ಸೇತುವೆಯ ಮುಂದೆ ನಿಂತಿದ್ದ. ಆದರೆ ಹೊಸ ಮಾದರಿಯಲ್ಲಿ ಆ ಸೇತುವೆಯನ್ನು ಒಬ್ಬನೇ ದಾಟಲಾಗುವುದಿಲ್ಲ. ಇನ್ನೊಬ್ಬರು ತಮ್ಮ ಡಬ್ಬಿಯಿಂದ ಸೇತುವೆಯ ಸರಪಳಿಯನ್ನು ಹಿಡಿದಿರಬೇಕು. ಕೈ ಬಿಟ್ಟರೆ ಸೇತುವೆ ಕಳಚಿ ಸೈನಿಕ ಕಂದಕಕ್ಕೆ ಬೀಳುತ್ತಾನೆ, ಮತ್ತೆ ಮೊದಲ ಕೋಟೆಯಿಂದ ಹೊರಡಬೇಕು. ಕೆಂಪುಪೆನ್ಸಿಲರು ಸರಪಳಿ ಹಿಡಿದು ನೋಡಿದರು. ಕಾಲುಗಂಟೆಯಾದ ಕೂಡಲೇ ಕೈ ಬಿಟ್ಟು ಸಾಹೇಬರ ಮುಖಭಾವ ಬರೆದುಕೊಂಡರು. ಲೆಕ್ಕಪತ್ರದವರ ಮಣಿಕಟ್ಟು ನಂಬುವಂತಿರಲಿಲ್ಲ.

ಟಪಾಲಮ್ಮ ಒಂದೂವರೆ ಪುಟದ ಟಿಪ್ಪಣಿ ಮಂಡಿಸಿದಳು. ಕೈಪಿಡಿಯ ಎಂಬತ್ತೆಂಟನೆಯ ಪುಟದಂತೆ, ದೂರದೂರದ ಊರುಗಳಲ್ಲಿರುವ ಇಬ್ಬರು ನೆಟ್‌ವರ್ಕಿನ ಮೂಲಕ ಜೊತೆಯಾಗಿ ಬಳಸುವುದು ಈ ಯಂತ್ರದ ಮುಖ್ಯ ಗುಣ. ಬೆಲೆಯ ಬಹುಪಾಲು ಈ ಗುಣಕ್ಕಾಗಿಯೇ. ಇದನ್ನು ಬಳಸದೆ ನಿರ್ಣಯಿಸಿದರೆ ಐದನೆಯ ನಿಯಮದ ಉಲ್ಲಂಘನೆ. ಆದ್ದರಿಂದ ಒಬ್ಬ ನೌಕರರನ್ನು ಇನ್ನೊಂದು ಡಬ್ಬಿಯ ಸಹಿತ ಪರಸ್ಥಳಕ್ಕೆ ನಿಯೋಜಿಸುವುದು ಅಗತ್ಯ. ಸ್ಥಳವು ಬಸ್ಸಿನಲ್ಲಿ ಹತ್ತು ಗಂಟೆಗೆ ಮೇಲ್ಪಟ್ಟು, ಹನ್ನೆರಡಕ್ಕೆ ಒಳಪಟ್ಟು ದೂರವಿದ್ದು, ದೊಡ್ಡ ಜಲರಾಶಿಯ ಸಮೀಪದಲ್ಲಿದ್ದಲ್ಲಿ ನೆಟ್‌ವರ್ಕಿನ ಏರಿಳಿತಗಳನ್ನು ಪರೀಕ್ಷಿಸಲು ಅನುಕೂಲ.

ಸಾಹೇಬರು ಎರಡು ಸಲ ಓದಿದರು.

“ಅಂಥ ಊರು ಯಾವುದಾದ್ರೂ ಇದೆಯೇನಮ್ಮಾ?”

“ನಕ್ಷೆ ಹಾಕಿಕೊಂಡು ಹುಡುಕಿದೆ ಸರ್. ಒಂದೇ ಇದೆ.”

“ಕೈ ನಡುಗದವರು ಬೇಕು. ಸರಪಳಿ ವಿಷಯ.”

ಸಾಹೇಬರು ಮೇಜಿನ ಮೇಲಿದ್ದ ಅರ್ಜಿಯನ್ನು, ಅದರ ಮೂಲೆಯಲ್ಲಿ ಪಟ್ಟಿ ಹಿಡಿದು ಎಳೆದಷ್ಟು ನೇರಕ್ಕೆ ಬಿದ್ದಿದ್ದ ಸೀಲನ್ನು ನೋಡಿದರು. ಮೂವತ್ತೊಂದನೆಯ ನಿಯಮದಲ್ಲಿ ವರ್ಗಾವಣೆಗೆ ತಡೆಯಿತ್ತೇ ಹೊರತು ನಿಯೋಜನೆಗೆ ಇರಲಿಲ್ಲ. ಬುಧವಾರ ಆದೇಶ ಹೊರಟಿತು: ಸದರಿ ಗುಮಾಸ್ತೆಯನ್ನು ಪರಿಶೀಲನೆ ಮುಗಿಯುವವರೆಗೆ ಮಾತ್ರ ಅನ್ಯಕರ್ತವ್ಯದ ಮೇಲೆ ನಿಯೋಜಿಸಲಾಗಿದೆ, ಮುಗಿದ ಮರುದಿನವೇ ಮೂಲ ಕಚೇರಿಗೆ ಹಾಜರಾಗತಕ್ಕದ್ದು.

ಆದೇಶದ ಆ ಎರಡನೆಯ ಸಾಲನ್ನು ಅವಳು ಬಸ್ಸಿನಲ್ಲಿ ಕೂತು ಓದಿದಳು.

ಪಂಪ್‌ಹೌಸಿನ ಪಕ್ಕದ ಕ್ವಾರ್ಟರ್ಸಿನ ಮುಂದಿನ ಕೋಣೆ ದೂರಪರಿಶೀಲನಾ ಕೇಂದ್ರವಾಯಿತು. ಗಂಡ ನೀರಿನ ಟ್ಯಾಂಕಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ ಒಂದು ಬೋರ್ಡು ಬರೆದ. ಬೆಳಗ್ಗೆ ಹತ್ತರಿಂದ ಐದರವರೆಗೆ ಅವಳು ಮೇಜಿನ ಮುಂದೆ ಬೆನ್ನು ನೇರ ಮಾಡಿ ಕೂತು ಡಬ್ಬಿ ಹಿಡಿಯುತ್ತಿದ್ದಳು. ಸಾಹೇಬರ ಸೈನಿಕ ಕೋಟೆಯಿಂದ ಕೋಟೆಗೆ ಹೋಗುತ್ತಿದ್ದ, ಅವಳ ಸೈನಿಕ ಹಿಂದೆ ದೀಪ ಹಿಡಿದು ನಡೆಯುತ್ತಿದ್ದ. ಗಂಡ ಪಾಳಿಯ ನಡುವೆ ಬಂದು ಬಾಗಿಲಿಗೆ ಒರಗಿ ನೋಡುತ್ತಿದ್ದ. ಹಗಲು ಹೊತ್ತಿನಲ್ಲಿ ಅವನ ಕೂದಲಲ್ಲಿ ಅಷ್ಟು ಬಿಳಿ ಇರುವುದು ಅವಳಿಗೆ ಈಗ ಗೊತ್ತಾಯಿತು. ಅವನು ನಿದ್ದೆಯಲ್ಲಿ ವಾಲ್ವು ತಿರುಗಿಸುತ್ತಾನೆ ಎಂಬುದೂ ಗೊತ್ತಾಯಿತು. ಇನ್ನೂರ ಹದಿಮೂರು ಮುನ್ನೂರಾಯಿತು.

ಮುನ್ನೂರ ಆರನೆಯ ದಿನ ಸಾಹೇಬರು ಏಳನೆಯ ಕೋಟೆಯ ಹಿಂಬಾಗಿಲು ತೆರೆದರು. ಸ್ಕ್ರೀನಿನಲ್ಲಿ ಸೇತುವೆ ಕಾಣಿಸಿತು. ಆಚೆ ದಡದಲ್ಲಿ ಗಂಟೆ ತೂಗುತ್ತಿತ್ತು. ಸರಪಳಿ ಹಿಡಿಯಿರಿ ಎಂದು ಸಂದೇಶ ಬಂತು. ಅವಳು ಹಿಡಿದಳು. ಗಂಡ ಬಾಗಿಲಿನಿಂದ ಈಚೆ ಬಂದು ಅವಳ ಹಿಂದೆ ನಿಂತ.

“ಏನೇ, ಅವರು ದಾಟಿ ಗಂಟೆ ಬಾರಿಸಿದ್ರೆ?”

“ಮುಗೀತು ರೀ. ನಾಳೆ ಬಸ್ಸು.”

ಸೈನಿಕ ಸೇತುವೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದ. ಒಂಬತ್ತು ವರ್ಷದಲ್ಲಿ ಒಂದು ಸೀಲನ್ನೂ ಓರೆ ಒತ್ತದ ಹೆಬ್ಬೆರಳು ಗುಂಡಿಯ ಮೇಲಿಂದ ಒಂದು ಎಳ್ಳಿನಷ್ಟು ಮೇಲೆದ್ದಿತು. ಸೇತುವೆ ಕಳಚಿತು.

ಅವಳು ತಕ್ಷಣ ಬರೆದಳು: ಕ್ಷಮಿಸಬೇಕು ಸರ್, ಇಲ್ಲಿ ನೆಟ್‌ವರ್ಕ್ ಹೋಯಿತು. ಅದು ಅವಳ ಸೇವೆಯಲ್ಲಿ ಅವಳು ಬರೆದ ಮೊದಲ ಸುಳ್ಳು. ಉತ್ತರ ಕೂಡಲೇ ಬಂತು: ಪರವಾಗಿಲ್ಲ. ಏರಿಳಿತ ದಾಖಲಿಸಿಕೊಳ್ಳಿ. ಸೋಮವಾರ ಮೊದಲ ಕೋಟೆಯಿಂದ.

ಹೀಗೆ ಇನ್ನೆರಡು ಸಲ ನೆಟ್‌ವರ್ಕ್ ಹೋಯಿತು. ಪ್ರತಿ ಸಲ ಅವಳು ದಾಖಲಿಸಿದಳು. ಮೂಲ ಕಚೇರಿಯಲ್ಲಿ ಅವಳ ವರದಿಗಳನ್ನು ಮಾದರಿ ಎಂದು ಗೋಡೆಗೆ ಅಂಟಿಸಿದರು. ವರ್ಷದ ಕೊನೆಗೆ ಸರಕಾರಕ್ಕೆ ಕಳಿಸಿದ ವರದಿಯಲ್ಲಿ ಸಾಹೇಬರು, ಈ ಯಂತ್ರದ ಬೆಲೆ ಎಷ್ಟೇ ಇರಲಿ, ಇದರ ಪರಿಶೀಲನೆಯಿಂದ ಹನ್ನೆರಡು ಮಂದಿಗೆ ದಿನಪೂರ್ತಿ ಉದ್ಯೋಗ ದೊರೆತಿರುವುದನ್ನು ಗಮನಕ್ಕೆ ತಂದರು. ಸರಕಾರ ಸಂತೋಷಪಟ್ಟು ಇನ್ನೂ ಆರು ಡಬ್ಬಿ ಮಂಜೂರು ಮಾಡಿತು. ಗಡಿಯಾರ ರಿಪೇರಿಯವರು ಗೂಡಂಗಡಿಯನ್ನು ಕಚೇರಿಯ ಒಳಗೇ ತಂದಿಟ್ಟುಕೊಂಡರು.

ನಾಲ್ಕನೆಯ ಸಲ ಸೈನಿಕ ಸೇತುವೆಗೆ ಬಂದ ದಿನ ಟಪಾಲಮ್ಮ ಸರಪಳಿ ಹಿಡಿದು ಕೂತಿದ್ದಳು. ಎಲ್ಲಿ ಕೈ ಬಿಡಬೇಕೆಂಬುದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಗಂಡ ಅದೇ ಹೊತ್ತಿಗೆ ಪಂಪ್‌ಹೌಸಿನಿಂದ ಬಂದವನು, ಮೇಲಿನ ಬೀದಿಯ ಟ್ಯಾಂಕಿನಲ್ಲಿ ಯಾರದೋ ಒಂದೇ ಒಂದು ಚಪ್ಪಲಿ ಸಿಕ್ಕಿತೆಂದೂ, ಅದರ ಮಾಲೀಕನನ್ನು ಹುಡುಕಲು ಇಂಜಿನಿಯರು ಸಮಿತಿ ಮಾಡಿದ್ದಾರೆಂದೂ, ತನ್ನನ್ನು ಬಲಗಾಲಿನ ಉಪಸಮಿತಿಗೆ ಹಾಕಿದ್ದಾರೆಂದೂ ಹೇಳತೊಡಗಿದ. ಅವಳಿಗೆ ನಗು ಬಂದು ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿ ನೋಡಿದರೆ ಹೆಬ್ಬೆರಳು ಗುಂಡಿಯನ್ನು ಅದುಮಿಕೊಂಡೇ ಇತ್ತು. ಸೇತುವೆ ಅಲುಗದೆ ನಿಂತಿತ್ತು. ಸೈನಿಕ ಮುಕ್ಕಾಲು ಸೇತುವೆ ದಾಟಿ, ಗಂಟೆಯಿಂದ ಮೂರೇ ಹೆಜ್ಜೆ ದೂರದಲ್ಲಿದ್ದ.

ಈಗ ಬಿಟ್ಟರೂ ಅವನು ಆಚೆ ದಡಕ್ಕೆ ನೆಗೆದುಬಿಡುತ್ತಿದ್ದ. ಗಂಡ ಮಾತು ನಿಲ್ಲಿಸಿ ಸ್ಕ್ರೀನಿನ ಕಡೆ ಬಗ್ಗಿದ.

ಸೈನಿಕ ನಿಂತ. ಗಂಟೆಯನ್ನು ನೋಡಿದ, ಹಿಂದೆ ತಿರುಗಿ ಬಂದ ದಾರಿಯನ್ನು ನೋಡಿದ. ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಅಡ್ಡಾಡುವವರಂತೆ ಸೇತುವೆಯ ಅಂಚಿನವರೆಗೆ ನಿಧಾನವಾಗಿ ನಡೆದ. ಯಾರೂ ನೂಕದೆ, ಯಾವ ಶತ್ರುವೂ ಇಲ್ಲದೆ, ಒಂದು ಹೆಜ್ಜೆ ಪಕ್ಕಕ್ಕಿಟ್ಟು ಕಂದಕಕ್ಕೆ ಇಳಿದುಬಿಟ್ಟ.

ಸ್ವಲ್ಪ ಹೊತ್ತಿನ ನಂತರ ಸಾಹೇಬರ ಸಂದೇಶ ಬಂತು: ಇಲ್ಲಿ ನೆಟ್‌ವರ್ಕ್ ಹೋಯಿತಮ್ಮಾ. ಸೋಮವಾರ ಮೊದಲ ಕೋಟೆಯಿಂದ.

ಟಪಾಲಮ್ಮ ಅದನ್ನು ಎರಡು ಸಲ ಓದಿ, ಆಗಲಿ ಸರ್, ದಾಖಲಿಸಿಕೊಂಡಿದ್ದೇನೆ ಎಂದು ಉತ್ತರಿಸಿದಳು. ವರದಿಯ ಪುಸ್ತಕದಲ್ಲಿ ದಿನಾಂಕ ಹಾಕಿ, ಮೂಲ ಕಚೇರಿಯ ಕಡೆ ಏರಿಳಿತ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದಳು. ಅಷ್ಟರಲ್ಲಿ ಒಳಗೆ ಗಂಡ ಎರಡು ತಟ್ಟೆ ಹಾಕಿ, ಬಲಗಾಲಿನ ಉಪಸಮಿತಿಯ ಕಥೆಯನ್ನು ನಿಲ್ಲಿಸಿದ ಕಡೆಯಿಂದ ಮುಂದುವರಿಸಿದ್ದ.